ತಾತನ ಜಾವಾ ಮಡ್‌ಗಾರ್ಡ್ ಕತ್ತರಿಸಿಬಿಡ್ಲಾ, ಬ್ಯಾಡ್ವಾ?

ಪಾಂಡವಪುರದ_ಹೈದ:
ಎಲ್ರಿಗೂ ನಮಸ್ಕಾರ. ನಮ್ ತಾತಂದು 1969ರ ಜಾವಾ 250 ಬೈಕ್ ಐತೆ, ಹತ್ತು ವರ್ಷದಿಂದ ಕೊಟ್ಟಿಗೇಲಿ ಹುಲ್ಲಿನ ಪಕ್ಕ ನಿಂತಿತ್ತು. ಹೋದ ದೀಪಾವಳಿಗೆ ಈಚೆಗೆ ತಳ್ಕೊಂಡ್ ಬಂದು ಕಾರ್ಬುರೇಟರ್ ತೊಳ್ಸಿ, ಪಾಯಿಂಟ್ ಸೆಟ್ ಮಾಡ್ಸಿ, ಪೆಟ್ರೋಲ್‌ಗೆ ಆಯಿಲ್ ಬೆರ್ಸಿ ಹುಯ್ದು ಕಿಕ್ ಹೊಡುದ್ರೆ ಐದನೇ ಕಿಕ್ಕಿಗೆ ಸ್ಟಾರ್ಟ್ ಆಗೋಯ್ತು, ಆ ಸೌಂಡ್ ಕೇಳಿ ಒಳಗಿದ್ದ ಅಜ್ಜಿ ಸೌಟು ಹಿಡ್ಕೊಂಡೇ ಬಾಗ್ಲಿಗೆ ಬಂದ್ಬುಟ್ರು.

ಈಗ ಪೇಂಟಿಗೆ ಕೊಡೋ ಟೈಮು. ನಂಗೆ ಬಾಬರ್ ತರ ಮಾಡ್ಸೋ ಆಸೆ, ಅಂದ್ರೆ ಒಂಟಿ ಸೀಟು, ಹಿಂದೆ ಟೈರ್ ಪೂರ್ತಿ ಕಾಣ್ಬೇಕು. ವೆಲ್ಡಿಂಗ್ ಅಂಗಡಿಯೋರು ಮುಂದಿನ ಮಡ್‌ಗಾರ್ಡ್ ಬಿಚ್ಚಾಕಿ ಹಿಂದಿಂದು ಅರ್ಧಕ್ಕೆ ಕುಯ್ದು ಕೊಡ್ತೀನಿ, ಅರ್ಧ ದಿನದ್ ಕೆಲ್ಸ ಅಂತವ್ರೆ. ಮುಂದಿಂದು ಬೋಲ್ಟ್ ಹತ್ರ ತುಕ್ಕು ಹಿಡ್ದು ತೂತ ಬೇರೆ ಬಿದ್ದೈತೆ. ಗಾಡಿ ಶೋಕಿಗಲ್ಲ, ಗದ್ದೆಗೂ ಚಿನಕುರಳಿ ಕಡೆಗೂ ದಿನಾ ಓಡಿಸ್ಬೇಕು. ಮಾಡಿರೋರು ಯಾರಾದ್ರೂ ಇದ್ರೆ ಹೇಳಿ ಅಣ್ಣ.

ಹಳೇಸ್ಪ್ಯಾನರ್_ಮೈಸೂರು:
ತಮ್ಮಾ, ಮೊದ್ಲು ಆ ಕಟಿಂಗ್ ಮೆಷಿನ್ ಪಕ್ಕಕ್ಕಿಡ್ಸು. ಬಿಚ್ಚೋದ್ ಬೇರೆ, ಕುಯ್ಯೋದ್ ಬೇರೆ. ಬಿಚ್ಚಿದ್ದನ್ನ ನಾಳೆ ಮತ್ತೆ ಹಾಕ್ಬೋದು, ಕುಯ್ದಿದ್ದು ಹೋಯ್ತು. ಆ ಕಾಲದ ತಗಡಿನ ದಪ್ಪ ಈಗ ಸಿಗೋ ಡೂಪ್ಲಿಕೇಟ್‌ನಲ್ಲಿ ಬರಲ್ಲ, ಬೆರಳಲ್ಲಿ ಬಡುದ್ ನೋಡಿದ್ರೇ ಗೊತ್ತಾಗುತ್ತೆ. ತೂತಿಗೆಲ್ಲ ಹೆದರ್ಬೇಡ, ತುಕ್ಕು ಹಿಡ್ದಷ್ಟು ಭಾಗ ತೆಗ್ದು ಅದೇ ದಪ್ಪದ ಶೀಟ್ ಕೂರ್ಸಿ ಗ್ಯಾಸ್ ವೆಲ್ಡಿಂಗ್ ಮಾಡಿ ಸುತ್ತಿಗೇಲಿ ತಟ್ಟಿ ಸಮ ಮಾಡೋ ಟಿಂಕರ್‌ಗಳು ಮೈಸೂರಲ್ಲಿ ಇನ್ನೂ ಇದಾರೆ.

ಮುಂದಿನ ಮಡ್‌ಗಾರ್ಡ್ ಬರೀ ಕೆಸರು ತಡಿಯೋದಲ್ಲ. ಅದರ ಪಟ್ಟಿ ಮುಂದಿನ ಚಕ್ರ ಹಿಡಿಯೋ ಎರಡೂ ಫೋರ್ಕ್ ಕಾಲಿಗೆ ಬೋಲ್ಟ್ ಆಗಿರುತ್ತಲ್ಲ, ಎರಡು ಕಾಲನ್ನ ಒಂದಾಗಿ ಹಿಡಿಯೋದೂ ಅದೇ. ತೆಗುದ್ರೆ ಹಳ್ಳದಲ್ಲಿ ಬ್ರೇಕ್ ಹಿಡ್ದಾಗ ಮುಂದೆ ಅಲ್ಲಾಡಿದಂಗಾಗುತ್ತೆ, ತೆಗಿಲೇಬೇಕು ಅಂದ್ರೆ ಅಲ್ಲಿ ಎರಡೂ ಕಾಲು ಸೇರ್ಸಿ ಹಿಡಿಯೋ ಬ್ರೇಸ್ ಪಟ್ಟಿ ಒಂದು ಹಾಕ್ಸು. ಇನ್ನೊಂದು, ಚಕ್ರ ಎಸಿಯೋ ಕೆಸರು ಹೋಗೋದು ನೇರ ಇಂಜಿನ್ ಸಿಲಿಂಡರ್ ಸುತ್ತ ಇರೋ ತೆಳು ಪಟ್ಟಿಗಳ ಮೇಲೆ, ಫಿನ್ಸ್ ಅಂತಾರಲ್ಲ ಅದು. ಗಾಳಿಲಿ ತಣ್ಣಗಾಗೋ ಟೂ ಸ್ಟ್ರೋಕ್ ಇದು, ಫಿನ್ಸ್ ಮಧ್ಯ ಮಣ್ಣು ಒಣಗಿ ಕೂತ್ಕೊಂಡ್ರೆ ಬಿಸಿ ಹೊರಗ್ ಹೋಗಲ್ಲ, ಬೇಸಿಗೇಲಿ ಪಿಸ್ಟನ್ ಹಿಡ್ಕೊಂಡು ಇಂಜಿನ್ ಜಾಮ್ ಆಗುತ್ತೆ. ಚೈನ್ ಕವರ್ ಅಂತೂ ಮುಟ್ಲೇಬೇಡ. ಜಾವಾದಲ್ಲಿ ಚೈನ್ ಪೂರ್ತಿ ಮುಚ್ಚಿರುತ್ತೆ, ಅದಕ್ಕೇ ಅಷ್ಟು ವರ್ಷ ಬಾಳಿಕೆ ಬರೋದು.

ಮದ್ದೂರ್_ರೈಡರ್:
ನಾನ್ ಮಾಡ್ಸಿದೀನಿ ಗುರು, ಜಾವಾ ಅಲ್ಲ, ಅದೇ ಕಂಪ್ನಿ ಯೆಜ್ಡಿ. ಬೇಸಿಗೇಲಿ ಮಾಡ್ಸಿದ್ದು, ಮೂರ್ ತಿಂಗ್ಳು ಸಕ್ಕತ್ತಾಗಿತ್ತು, ಎಲ್ ನಿಲ್ಸುದ್ರೂ ಜನ ಬಂದು ಫೋಟೋ ತಗೊಳೋರು. ಆಮೇಲೆ ಮಳೆ ಶುರು ಆಯ್ತು. ಕಬ್ಬಿನ ಟ್ರ್ಯಾಕ್ಟ್ರು ಗದ್ದೆಯಿಂದ ರೋಡಿಗ್ ಹತ್ತೋವಾಗ ಬಿಡ್ತದಲ್ಲ ಮಣ್ಣು, ಒಂದ್ ಹನಿ ಬಿದ್ರೆ ಸಾಕು ಗಾರೆ ಕಲ್ಸಿದಂಗ್ ಆಯ್ತದೆ, ಅದ್ರಲ್ಲಿ ನಲವತ್ರಲ್ ಹೋದ್ರೂ ಮುಂದಿನ್ ಚಕ್ರದ್ದು ಮುಖಕ್ಕೆ ಹಿಂದಿನ್ ಚಕ್ರದ್ದು ಬೆನ್ನಿಗೆ, ಹೆಲ್ಮೆಟ್ ಗ್ಲಾಸ್ ಒರಸ್ಕೊಂಡ್ ಒರಸ್ಕೊಂಡ್ ಓಡಿಸ್ಬೇಕು. ಎದುರಿಗ್ ಬಸ್ ಬಂದಾಗ ಕಣ್ಣಿಗ್ ಕೆಸ್ರು ಬಿದ್ದು ಒಂದ್ ಕ್ಷಣ ಏನೂ ಕಾಣ್ಲಿಲ್ಲ, ಈಗ್ಲೂ ನೆನುಸ್ಕೊಂಡ್ರೆ ಮೈ ನಡುಗ್ತದೆ. ಫೋರ್ಕ್ ಆಯಿಲ್ ಸೀಲ್ ಒಂದೇ ಮಳೆಗಾಲಕ್ಕೆ ಹೋಯ್ತು.

ಇನ್ನೊಂದ್ ತಪ್ಪು ಹೇಳ್ತೀನಿ, ನೀನ್ ಮಾಡ್ಬೇಡ. ಸೀಟ್ ಕೆಳಕ್ ಇಳ್ಸಿದ್ದೆ, ಹಿಂದೆ ಫ್ರೆಂಡ್ ಕೂತು ಹಂಪ್ ಹಾರ್ಸುದ್ರೆ ಟೈರ್ ಹೋಗಿ ಸೀಟ್ ತಗಡಿಗೆ ಉಜ್ತಿತ್ತು. ಯಾವ್ದೇ ಚಿಕ್ ಮಡ್‌ಗಾರ್ಡ್ ಹಾಕ್ಸುದ್ರೂ ಹಿಂದಿನ್ ಶಾಕ್ ಅಬ್ಸಾರ್ಬರ್ ಬಿಚ್ಚಿ, ಚಕ್ರನ ಮೇಲಕ್ಕೆ ಎಷ್ಟ್ ಬರ್ತದೋ ಅಷ್ಟೂ ಎತ್ತಿ ನೋಡು, ಅಲ್ಲೂ ಜಾಗ ಉಳಿಬೇಕು. ಗಾಡಿ ಸ್ಟ್ಯಾಂಡ್ ಮೇಲ್ ನಿಂತಿರೋವಾಗ ಅಳತೆ ತಗೋಬೇಡ.

ಕಾವೇರಿ_ತೀರ:
ಕಾನೂನು ವಿಷ್ಯ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. 1989ರ ಕೇಂದ್ರ ಮೋಟಾರ್ ವೆಹಿಕಲ್ ರೂಲ್ಸ್‌ನ 123ನೇ ರೂಲ್ ಪ್ರಕಾರ ಹಿಂದೆ ಒಬ್ರು ಕೂರೋ ಜಾಗ ಇರೋ ಬೈಕಲ್ಲಿ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ದಂಗೆ ಮುಚ್ಚಿರ್ಬೇಕು, ಹಿಂದೆ ಕೂತೋರ ಬಟ್ಟೆ ಸಿಕ್ಕಾಕೋಬಾರ್ದು ಅಂತ. ಅಜ್ಜಿನ ಕೂರಿಸ್ಕೊಂಡು ಹೋಗ್ತೀರಾ ಅಂದ್ರೆ ಸೀರೆ ಸೆರಗು ನೆನಪಿರ್ಲಿ. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಓ ಮುಂದೆ ನಿಲ್ಲಿಸ್ಲೇಬೇಕು, ಅಲ್ಲಿ ಟೇಲ್ ಲ್ಯಾಂಪ್, ನಂಬರ್ ಪ್ಲೇಟ್ ಎಲ್ಲಿ ಅಂತ ಕೇಳೇ ಕೇಳ್ತಾರೆ, ಅವೆರಡೂ ಇರೋದು ಹಿಂದಿನ ಮಡ್‌ಗಾರ್ಡ್ ಮೇಲೆ. ಇನ್ನೊಂದು, 2021ರಲ್ಲಿ ಬಂದ ವಿಂಟೇಜ್ ರಿಜಿಸ್ಟ್ರೇಷನ್‌ಗೆ 50 ವರ್ಷ ದಾಟಿರ್ಬೇಕು, ಗಾಡಿ ಮೂಲ ರೂಪದಲ್ಲೇ ಇರ್ಬೇಕು. ನಿಮ್ದು ವಯಸ್ಸಲ್ಲಿ ಪಾಸ್. ಅದ್ರಲ್ಲಿ ದಿನಾ ಓಡಿಸೋಕ್ ಆಗಲ್ಲ, ಹಾಗಾಗಿ ಈಗ ನಿಮಗೆ ಬೇಡ, ಆದ್ರೆ ಮುಂದೆ ಬೇಕು ಅನ್ಸಿದ್ರೆ ಕುಯ್ದ ಮಡ್‌ಗಾರ್ಡ್ ಅಡ್ಡ ಬರುತ್ತೆ.

ಯಾದವಗಿರಿ_ಮನೆಮಗಳು:
ನಮ್ಮಪ್ಪ ಇಲ್ಲೇ ಮೈಸೂರಿನ ಯಾದವಗಿರಿ ಜಾವಾ ಫ್ಯಾಕ್ಟರಿಲಿ ಪೇಂಟ್ ಸೆಕ್ಷನ್‌ನಲ್ಲಿ ಇದ್ರು, 1996ರಲ್ಲಿ ಮುಚ್ಚೋವರೆಗೂ. ಈಗ್ಲೂ ರೋಡಲ್ಲಿ ಮೆರೂನ್ ಜಾವಾ ಕಂಡ್ರೆ ನಿಂತು ಮಡ್‌ಗಾರ್ಡ್ ಅಂಚು ಸವರಿ ನೋಡ್ತಾರೆ, ಯಾಕಪ್ಪಾ ಅಂದ್ರೆ ಪೇಂಟ್ ಮೊದ್ಲು ಬಿಡೋದು ಆ ಮಡಿಕೆಲೇ ಅಂತಾರೆ. ನಿಮ್ಮ ಪೋಸ್ಟ್ ಓದಿ ಹೇಳ್ದೆ. ಅವರು ಹೇಳಿದ್ದು ಇಷ್ಟೇ, ಪೇಂಟಿಗೆ ಕೊಡೋ ಮುಂಚೆ ಮಡ್‌ಗಾರ್ಡ್ ಒಳಮೈ ಪೂರ್ತಿ ಕೆರ್ಸಿ ಪ್ರೈಮರ್ ಹೊಡೆಸು, ಮೇಲೆ ಎಷ್ಟು ಹೊಳುದ್ರೂ ತುಕ್ಕು ತಿನ್ನೋದು ಒಳಗಿಂದ. ಕುಯ್ಯೋ ವಿಷ್ಯಕ್ಕೆ ಏನೂ ಮಾತಾಡ್ಲಿಲ್ಲ, ಎದ್ದು ಹಿತ್ಲಿಗೆ ಹೋದ್ರು.

ಗಾಡಿಹುಚ್ಚ_05:
ಎಲ್ಲಾ ಒಪ್ತೀನಿ, ಆದ್ರೂ ಗಾಡಿ ಅವನ್ದು, ಆಸೆ ತಪ್ಪಲ್ಲ. ಒಂದು ಡೂಪ್ಲಿಕೇಟ್ ಹಿಂದಿನ ಮಡ್‌ಗಾರ್ಡ್ ತಗೊಂಡು ಅದನ್ನ ಬೇಕಾದಂಗೆ ಕುಯ್ಸು ಬ್ರೋ, ಒರಿಜಿನಲ್‌ಗೆ ಗ್ರೀಸ್ ಸವರಿ ಗೋಣಿಚೀಲದಲ್ ಸುತ್ತಿ ಅಟ್ಟದ ಮೇಲ್ ಇಡು.

ಪಾಂಡವಪುರದ_ಹೈದ:
ಎಲ್ರಿಗೂ ಥ್ಯಾಂಕ್ಸ್, ಮೂರ್ ಸಲ ಓದಿದೆ. ವೆಲ್ಡಿಂಗ್‌ನೋರಿಗೆ ಕುಯ್ಯೋದು ಬ್ಯಾಡ ಅಂತ ಫೋನ್ ಮಾಡಿ ಹೇಳ್ದೆ. ಮುಂದಿಂದು ಟಿಂಕರ್ ಕೆಲ್ಸಕ್ಕೆ ಭಾನುವಾರ ಮೈಸೂರಿಗೆ ತರ್ತೀನಿ, ಹಿಂದಿಂದು ಹಂಗೇ ಇರ್ತದೆ, ಒಂಟಿ ಸೀಟಿನ ಆಸೆ ಸದ್ಯಕ್ಕೆ ಬಿಟ್ಟೆ, ಅಜ್ಜಿ ಮೇಲುಕೋಟೆಗೆ ಇದ್ರಲ್ಲೇ ಕರ್ಕೊಂಡ್ ಹೋಗು ಅಂತವ್ರೆ. ಯಾದವಗಿರಿ ಅಕ್ಕ, ಅಪ್ಪಾಜಿಗೆ ಒಳಮೈ ಪ್ರೈಮರ್ ಮರೆಯಲ್ಲ ಅಂತ ಹೇಳಿ. ಪೇಂಟ್ ಆದ್ಮೇಲೆ ಗಾಡಿ ನಿಮ್ ಮನೆ ಹತ್ರ ತರ್ಲಾ, ಅವ್ರು ಒಂದ್ಸಲ ಸವರಿ ನೋಡ್ಲಿ.