ಜೆಂಕಿನ್ಸ್ ಸಂದೇಶಗಳಿಂದ ತಂಡದ ಸ್ಲ್ಯಾಕ್ ಚಾನೆಲ್ ತುಂಬಿಹೋಗಿದೆ, ಕಡಿಮೆ ಮಾಡುವುದು ಹೇಗೆ?

ಪ್ರಶ್ನೆ (ಕೊಪ್ಪಳದಿಂದ):
ನಮಸ್ಕಾರ. ಗಂಗಾವತಿ ಸುತ್ತಲಿನ ಅಕ್ಕಿ ಗಿರಣಿಗಳಿಗೆ ತೂಕದ ಚೀಟಿ ಮತ್ತು ಭತ್ತದ ಖರೀದಿ ಲೆಕ್ಕದ ತಂತ್ರಾಂಶ ಸಿದ್ಧಪಡಿಸುವ ಏಳು ಜನರ ತಂಡ ನಮ್ಮದು. ಕೋಡನ್ನು ತಾನಾಗಿಯೇ ಜೋಡಿಸಿ ಪರೀಕ್ಷಿಸುವ ಜೆಂಕಿನ್ಸ್‌ನಲ್ಲಿ ಪ್ರತಿಯೊಂದು ಬ್ರ್ಯಾಂಚಿನ (ಕೋಡಿನ ಕವಲಿನ) ಬಿಲ್ಡ್, ಅಂದರೆ ಆ ಜೋಡಣೆ-ಪರೀಕ್ಷೆಯ ಒಂದು ಸುತ್ತು, ಆರಂಭವಾದಾಗ ಒಂದು, ಮುಗಿದಾಗ ಒಂದು ಸಂದೇಶ ತಂಡ ಮಾತುಕತೆಗೆ ಬಳಸುವ ಸ್ಲ್ಯಾಕ್ ಆ್ಯಪಿನ ಚಾನೆಲ್‌ಗೆ ಬಂದು ಬೀಳುತ್ತದೆ. ಗಿರಣಿಯೊಳಗೆ ದುಡಿಯುವವರಿಗೆ ಗಿರಣಿಯ ಸದ್ದು ಕೇಳಿಸದಂತೆ ನಮಗೂ ಅವು ಕಾಣಿಸದಾಗಿವೆ. ಕಳೆದ ವಾರ ಮೇನ್ (ಮುಖ್ಯ) ಬ್ರ್ಯಾಂಚಿನ ಬಿಲ್ಡ್ ವಿಫಲವಾಗಿ ಎರಡು ದಿನ ಕಳೆದರೂ ಯಾರ ಗಮನಕ್ಕೂ ಬರಲಿಲ್ಲ. ತಿದ್ದುಪಡಿ ಇನ್ನೂ ಬಂದಿಲ್ಲವಲ್ಲ ಎಂದು ಗಿರಣಿ ಮಾಲೀಕರೊಬ್ಬರು ಫೋನ್ ಮಾಡಿದಾಗಲೇ ತಿಳಿಯಿತು. ನಾಲ್ವರು ಚಾನೆಲ್ಲನ್ನೇ ಮ್ಯೂಟ್ ಮಾಡಿದ್ದಾರೆ. ಪೈಪ್‌ಲೈನಿನ (ಬಿಲ್ಡಿನ ಹಂತಗಳನ್ನು ಬರೆದಿಟ್ಟ ಕಡತದ) 'ಪೋಸ್ಟ್' ವಿಭಾಗದಲ್ಲಿ, ಅಂದರೆ ಬಿಲ್ಡ್ ಮುಗಿದ ಮೇಲೆ ಮಾಡಬೇಕಾದ್ದನ್ನು ಬರೆಯುವಲ್ಲಿ, ಸದ್ಯ 'ಆಲ್ವೇಸ್' (ಫಲಿತಾಂಶ ಏನೇ ಇರಲಿ) ಒಂದೇ ಇದೆ.

ಉತ್ತರ (ಬಳ್ಳಾರಿಯಿಂದ):
ತೊಂದರೆ ಇರುವುದು ಆ 'ಆಲ್ವೇಸ್'ನಲ್ಲೇ. ಅದು ಪ್ರತಿ ಬಿಲ್ಡಿನ ಸ್ಥಿತಿಯನ್ನು ವರದಿ ಮಾಡುತ್ತದೆ, ಆದರೆ ತಂಡಕ್ಕೆ ಬೇಕಾಗಿರುವುದು ಸ್ಥಿತಿ ಬದಲಾದ ಸುದ್ದಿ ಮಾತ್ರ. ಅದರ ಬದಲು 'ರಿಗ್ರೆಷನ್' ಮತ್ತು 'ಫಿಕ್ಸ್ಡ್' ಎಂಬ ಎರಡು ಷರತ್ತುಗಳನ್ನು ಬಳಸಿರಿ: ಹಿಂದಿನ ಬಿಲ್ಡ್ ಯಶಸ್ವಿಯಾಗಿದ್ದು ಈಗಿನದು ಕೆಟ್ಟರೆ ಮೊದಲನೆಯದು, ಹಿಂದಿನದು ವಿಫಲವಾಗಿದ್ದು ಈಗಿನದು ಗೆದ್ದರೆ ಎರಡನೆಯದು ಕೆಲಸ ಮಾಡುತ್ತದೆ. ಬಿಲ್ಡ್ ಆರಂಭವಾಯಿತೆಂಬ ಸಂದೇಶವನ್ನು ತೆಗೆದುಹಾಕಿರಿ. ಅದರಿಂದ ಯಾರಿಗೂ ಯಾವ ಕೆಲಸವೂ ಹುಟ್ಟುವುದಿಲ್ಲ. ಮೇನ್ ಅಲ್ಲದ ಬ್ರ್ಯಾಂಚುಗಳ ಫಲಿತಾಂಶ ಪುಲ್ ರಿಕ್ವೆಸ್ಟಿನಲ್ಲೇ (ಕೋಡನ್ನು ಸೇರಿಸಿಕೊಳ್ಳಿರೆಂಬ ಕೋರಿಕೆಯಲ್ಲೇ) ಕಾಣಿಸುವುದರಿಂದ ಅವನ್ನು ಚಾನೆಲ್‌ಗೆ ತರುವ ಅಗತ್ಯವಿಲ್ಲ. ಯಾವ ಪರೀಕ್ಷೆಗಳು ಸೋತವು ಎಂಬ ಉದ್ದನೆಯ ಪಟ್ಟಿ ಬೇಕೇ ಬೇಕೆಂದಾದರೆ, ಮೊದಲ ಸಂದೇಶ ಕಳುಹಿಸಿದಾಗ ಸ್ಲ್ಯಾಕ್ ಪ್ಲಗಿನ್ ಹಿಂದಿರುಗಿಸುವ ಥ್ರೆಡ್ (ಆ ಸಂದೇಶದ ಕೆಳಗಿನ ಉತ್ತರಗಳ ಸಾಲು) ಐಡಿಯನ್ನು ಉಳಿಸಿಕೊಂಡು, ಪಟ್ಟಿಯನ್ನು ಅದೇ ಥ್ರೆಡ್ಡಿನೊಳಗೆ ಹಾಕಬಹುದು. ಆದರೆ ಇದಕ್ಕೆ ಬಾಟ್ ಟೋಕನ್ (ಸ್ಲ್ಯಾಕಿನ ಬಾಟ್ ಖಾತೆಯ ಗುಪ್ತ ಕೀಲಿ) ಬೇಕಾಗುತ್ತದೆ.

ಪ್ರಶ್ನಿಸಿದವರು:
ನೀವು ಹೇಳಿದಂತೆ ಮಾಡಿದ ಮೇಲೆ ದಿನಕ್ಕೆ ನಾಲ್ಕೈದು ಸಂದೇಶಗಳಷ್ಟೇ ಬರುತ್ತಿವೆ, ಮ್ಯೂಟ್ ಮಾಡಿದವರೂ ಮರಳಿದ್ದಾರೆ. ಆದರೆ ಗುರುವಾರ ಮೇನ್ ವಿಫಲವಾದದ್ದಕ್ಕೆ ಸಂದೇಶ ಬಂದಿತು, ಸರಿಪಡಿಸಿದ ಮೇಲೆ ಬರಬೇಕಾದ ಸಂದೇಶ ಬರಲೇ ಇಲ್ಲ. ಬಿಲ್ಡ್ ಮಾತ್ರ ಹಸಿರಾಗಿಯೇ ಇದೆ.

ಉತ್ತರ (ಬಳ್ಳಾರಿಯಿಂದ):
ಆ ಎರಡರ ನಡುವೆ ಅರ್ಧಕ್ಕೆ ನಿಂತ ಬಿಲ್ಡ್ ಏನಾದರೂ ಇದೆಯೇ ನೋಡಿರಿ. ಹೊಸ ಕಮಿಟ್ (ಕೋಡಿನ ಬದಲಾವಣೆ) ಬಂದೊಡನೆ ಓಡುತ್ತಿರುವ ಹಳೆಯ ಬಿಲ್ಡನ್ನು ನಿಲ್ಲಿಸುವ 'ಅಬಾರ್ಟ್ ಪ್ರೀವಿಯಸ್' ಆಯ್ಕೆಯನ್ನು ನೀವು ಹಾಕಿಕೊಂಡಿರಬಹುದು. ಈ ಷರತ್ತುಗಳು ತೀರಾ ಹಿಂದಿನ ಒಂದು ಬಿಲ್ಡನ್ನು ಮಾತ್ರ ನೋಡುತ್ತವೆ. ಅದು 'ಅಬಾರ್ಟೆಡ್' (ಅರ್ಧಕ್ಕೆ ನಿಂತದ್ದು) ಆಗಿದ್ದರೆ 'ಫಿಕ್ಸ್ಡ್' ಪಾಲಿಗೆ ಅದು ವೈಫಲ್ಯವಲ್ಲ. ಇನ್ನೊಂದು ಬದಿಯೂ ಇದೆ: ಯಶಸ್ಸಿನ ಬೆನ್ನಿಗೇ ಬಿಲ್ಡ್ ಅರ್ಧಕ್ಕೆ ನಿಂತರೆ 'ರಿಗ್ರೆಷನ್' ಸುಮ್ಮನೆ ಕೂಗುತ್ತದೆ, ಆಮೇಲೆ ನಿಜವಾಗಿ ವಿಫಲವಾದಾಗ ಬಾಯಿ ಮುಚ್ಚಿಕೊಂಡಿರುತ್ತದೆ. ನಾನೂ ಇದರಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಸುಲಭದ ದಾರಿಯೆಂದರೆ ಮೇನ್ ಬ್ರ್ಯಾಂಚಿಗೆ ಆ ಆಯ್ಕೆಯನ್ನು ತೆಗೆದುಬಿಡುವುದು. ಅದು ಬೇಕೆಂದಿದ್ದರೆ, 'ಆಲ್ವೇಸ್' ಒಳಗೆ ಸ್ಕ್ರಿಪ್ಟ್ ಬರೆದು, 'ಕರೆಂಟ್ ಬಿಲ್ಡ್'ನ 'ಪ್ರೀವಿಯಸ್ ಬಿಲ್ಡ್' ಹಿಡಿದು, ಅಬಾರ್ಟೆಡ್ ಆದವುಗಳನ್ನು ದಾಟುತ್ತಾ ಹಿಂದಕ್ಕೆ ಹೋಗಿ, ಮೊದಲು ಸಿಗುವ ಪೂರ್ಣ ಬಿಲ್ಡಿನೊಂದಿಗೆ ಫಲಿತಾಂಶವನ್ನು ಹೋಲಿಸಿರಿ. ಈಗಿನ ಬಿಲ್ಡೇ ಅರ್ಧಕ್ಕೆ ನಿಂತಿದ್ದರೆ ಏನನ್ನೂ ಕಳುಹಿಸಬೇಡಿರಿ. 'ರಾ ಬಿಲ್ಡ್' (ಜೆಂಕಿನ್ಸ್‌ನ ಒಳಗಿನ ಬಿಲ್ಡ್ ವಸ್ತು) ಮೂಲಕ ಹೋಗಬೇಡಿರಿ, ಸ್ಯಾಂಡ್‌ಬಾಕ್ಸ್ (ಸ್ಕ್ರಿಪ್ಟಿಗೆ ಮಿತಿ ಹಾಕುವ ರಕ್ಷಣೆ) ತಡೆಯುತ್ತದೆ. ಹಿಂದೆ ಹೋಗುತ್ತಾ ಏನೂ ಸಿಗದೆ 'ನಲ್' ಬರುವ ಸಾಧ್ಯತೆಯನ್ನೂ ಪರಿಶೀಲಿಸಿರಿ.

ಪ್ರಶ್ನಿಸಿದವರು:
ನಿಮ್ಮ ಊಹೆ ನಿಜವಾಗಿತ್ತು, ನಡುವೆ ಅಂತಹ ಎರಡು ಬಿಲ್ಡುಗಳಿದ್ದವು. ಸ್ಕ್ರಿಪ್ಟ್ ಹಾಕಿದ ಮೊದಲ ದಿನವೇ 'ನಲ್' ಎದುರಾಯಿತು, ಏಕೆಂದರೆ ಡಿಸ್ಕ್ ಉಳಿಸಲೆಂದು ಹಿಂದಿನ 5 ಬಿಲ್ಡುಗಳನ್ನಷ್ಟೇ ಇಟ್ಟುಕೊಂಡಿದ್ದೆವು. ಅದನ್ನು 30ಕ್ಕೆ ಏರಿಸಿದ್ದೇವೆ. ನಿನ್ನೆ ಬೇಕೆಂದೇ ಒಂದು ಪರೀಕ್ಷೆಯನ್ನು ಕೆಡಿಸಿ, ನಡುವೆ ಒಂದು ಬಿಲ್ಡನ್ನು ನಿಲ್ಲಿಸಿ, ಮತ್ತೆ ಸರಿಪಡಿಸಿ ನೋಡಿದೆವು: ಎರಡೇ ಸಂದೇಶಗಳು ಬಂದವು. ಧನ್ಯವಾದಗಳು ಸರ್.