ಡಬ್ಲ್ಯುಡಬ್ಲ್ಯುಇ ಕುಸ್ತಿಪಟು ಬ್ರೇ ವಯಾಟ್ ಹೋದ ಮೇಲೆ ತಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ಹೈದರಾಬಾದ್ ಶೋಗೆ ಕರ್ಕೊಂಡು ಹೋಗಲಾ? ಅನುಭವ ಇರೋರು ಹೇಳಿ

ತುಮಕೂರಿನ ಅಕ್ಕ (27 ಆಗಸ್ಟ್ 2023)

ನನ್ನ ತಮ್ಮನಿಗೆ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ. ಅಮ್ಮ ಕಳಶಕ್ಕೆ ಸೀರೆ ಉಡಿಸುತ್ತಿದ್ದರು. ಇವನು ಫೋನ್ ಹಿಡಿದು ಬಚ್ಚಲಿಗೆ ಹೋದವನು ಅರ್ಧ ಗಂಟೆಯಾದರೂ ಬರಲಿಲ್ಲ. ಬಾಗಿಲು ಬಡಿದರೆ ಒಳಗೆ ಅಳುವ ಸದ್ದು. ಬ್ರೇ ವಯಾಟ್ ತೀರಿಕೊಂಡಿದ್ದಾನೆ, ಅದೇ ಕಂಪನಿಯ ಟ್ರಿಪಲ್ ಎಚ್ ಟ್ವೀಟ್ ಮಾಡಿದ್ದಾನೆ ಅಂದ. ಬರೀ ಮೂವತ್ತಾರು ವರ್ಷ. ಅಪ್ಪ "ಹಬ್ಬದ ದಿನ ಯಾರೋ ಅಮೆರಿಕದವನಿಗೆ ಅಳ್ತೀಯಾ" ಅಂತ ಕೂಗಾಡಿದರು. ಅವತ್ತು ಒಬ್ಬಟ್ಟು ಮುಟ್ಟಲಿಲ್ಲ. ಇವತ್ತಿಗೂ ಮಾತಿಲ್ಲ.

ಸೆಪ್ಟೆಂಬರ್ 8ಕ್ಕೆ ಹೈದರಾಬಾದಿನ ಗಚ್ಚಿಬೌಲಿಯ ಡಬ್ಲ್ಯುಡಬ್ಲ್ಯುಇ ಶೋಗೆ ಎರಡು ಟಿಕೆಟ್ ತೆಗೆದಿದ್ದೆ, ಅವನ ಹುಟ್ಟುಹಬ್ಬಕ್ಕೆ ಅಂತ. ಈಗ ಬೆಳಿಗ್ಗೆ ಬೇಡ ಅಂತಾನೆ, ರಾತ್ರಿ ಹೋಗೋಣ ಅಂತಾನೆ. ಜೊತೆಗೆ ವಯಾಟ್ ಹಾಕ್ತಿದ್ದ ಫೀಂಡ್ ಅನ್ನೋ ಭೂತದ ವೇಷದ ಮುಖವಾಡ ಬೇಕಂತೆ. ಕರ್ಕೊಂಡು ಹೋಗಲಾ? ಮುಖವಾಡ ತರಿಸಲಾ? ಪರೀಕ್ಷೆ ಬೇರೆ ಹತ್ತಿರ ಬಂತು. ಇಂಥದ್ದನ್ನು ದಾಟಿದವರು ಹೇಳಿ.

ಲ್ಯಾಟಿನೋ ಹೀಟ್ ಹಾಸನ

ನನ್ನದು 2005, ಕುಸ್ತಿಪಟು ಎಡ್ಡಿ ಗೆರೆರೋ ಸತ್ತಾಗ. ನಾನೂ ಆಗ ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಇಂಟರ್ನೆಟ್ ಇಲ್ಲ. ಟ್ಯೂಷನ್‌ನಲ್ಲಿ ಒಬ್ಬ ಬಂದು "ಎಡ್ಡಿ ಸತ್ತ" ಅಂದ. ಅವನಿಗೆ ಹೊಡೆಯೋಕೇ ಹೋಗಿದ್ದೆ. ಅಂಡರ್‌ಟೇಕರ್ ಅನ್ನೋ ಕುಸ್ತಿಪಟು ಏಳು ಸಲ ಸತ್ತು ಎದ್ದು ಬಂದವನು ಅಂತ ನಂಬಿದ್ದ ಕಾಲ ಅದು. ಸಾವು ಅಂದರೆ ಕಥೆಯ ಒಂದು ಭಾಗ, ಮುಂದಿನ ತಿಂಗಳು ಅವನು ಬರುವ ಗಂಟೆ ಹೊಡೆಯುತ್ತೆ, ವಾಪಸ್ ಬರ್ತಾನೆ ಅಂದುಕೊಂಡಿದ್ದೆವು. ಸೈಬರ್ ಸೆಂಟರಿಗೆ ಹೋಗಿ ಗಂಟೆಗೆ 20 ರೂಪಾಯಿ ಕೊಟ್ಟು ನೋಡಿದೆ. ನವೆಂಬರ್ 13, ಮಿನಿಯಾಪೊಲಿಸ್‌ನ ಹೋಟೆಲ್ ಕೋಣೆ, 38 ವರ್ಷ, ಹೃದಯ. ಅಣ್ಣನ ಮಗ ಚಾವೋನೇ ನೋಡಿದ್ದಂತೆ. ಸೈಬರ್‌ನವನು ಟೈಮ್ ಆಯ್ತು ಅನ್ನೋ ತನಕ ಅಲ್ಲೇ ಕೂತಿದ್ದೆ.

ಆಮೇಲೆ ಟೆನ್ ಸ್ಪೋರ್ಟ್ಸ್‌ನಲ್ಲಿ ನೆನಪಿನ ಶೋ ಬಂತು. ಎಡ್ಡಿಯ ಗೆಳೆಯ, ಕುಸ್ತಿಪಟು ಬೆನ್ವಾ ಕ್ಯಾಮೆರಾ ಮುಂದೆ ಮಾತಾಡಲಾಗದೆ ಅತ್ತ. ನಾನೂ ಅತ್ತೆ. ಮರುದಿನ ಅಪ್ಪ ಕೇಬಲ್ ಕಿತ್ತು ಹಾಕಿಸಿದರು. ತಿಂಗಳಿಗೆ 150 ರೂಪಾಯಿ ಉಳಿಯಿತು ಅಂತ ಅಮ್ಮನಿಗೂ ಸಮಾಧಾನ. ಪ್ರಿಪರೇಟರಿಯಲ್ಲಿ ಗಣಿತಕ್ಕೆ 31 ಬಂತು. ಅದಕ್ಕೆ ಕಾರಣ ಎಡ್ಡಿ ಅಲ್ಲ. ಮನೆಯಲ್ಲಿ ಒಬ್ಬರೂ "ಯಾರಪ್ಪ ಅವನು, ಯಾಕೆ ಅಷ್ಟು ಇಷ್ಟ" ಅಂತ ಕೇಳಲಿಲ್ಲ. ಅದು ಇವತ್ತಿಗೂ ನೋಯುತ್ತೆ.

ಎರಡು ವರ್ಷ ಆದಮೇಲೆ ಅದೇ ಬೆನ್ವಾ. 2007ರ ಜೂನ್. ಅದೇ ತಿಂಗಳು ಕಂಪನಿ ಮುಖ್ಯಸ್ಥ ವಿನ್ಸ್ ಮೆಕ್‌ಮ್ಯಾನ್ ಕಾರು ಸ್ಫೋಟದ ಕಥೆ ಬೇರೆ ನಡೀತಿತ್ತು, ಹಾಗಾಗಿ ಇದೂ ಕಥೆ ಅಂದುಕೊಂಡೆ. ಮೂರು ಗಂಟೆ ನೆನಪಿನ ಶೋ ಮಾಡಿದರು. ಆಮೇಲೆ ಗೊತ್ತಾಯಿತು, ಹೆಂಡತಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ತಾನು ಸತ್ತಿದ್ದ ಅಂತ. ನನ್ನ ಹತ್ತಿರ ಕುಸ್ತಿಪಟುಗಳ ಮೂರು ಸೆಟ್ ಟ್ರಂಪ್ ಕಾರ್ಡ್ ಇತ್ತು. ಮೂರರಲ್ಲೂ ಅವನ ಕಾರ್ಡ್ ತೆಗೆದು ಒಲೆಗೆ ಹಾಕಿದೆ. ಎಡ್ಡಿಯದು ಇನ್ನೂ ಪರ್ಸಿನಲ್ಲಿದೆ. ಅಂಚು ಸವೆದಿದೆ, ಎದೆ ಸುತ್ತಳತೆ ಅಕ್ಷರ ಅಳಿಸಿ ಹೋಗಿದೆ.

ಹುಬ್ಳಿ ಫೀಂಡ್

ಮುಖವಾಡದ ವಿಷಯ ನನ್ನನ್ನ ಕೇಳಿ. 2020ರ ಜನವರಿಯಲ್ಲಿ ಹೊರದೇಶದ ಒಬ್ಬ ಮಾರಾಟಗಾರನಿಂದ ತರಿಸಿದೆ. ಮುಖವಾಡಕ್ಕೆ 9,400. ಕೊರಿಯರ್ 2,850. ಕಸ್ಟಮ್ಸ್ 5,130. ಒಟ್ಟು 17,380 ರೂಪಾಯಿ, ಆಗ ನನ್ನ ಸಂಬಳ 22,000. ಕೆವೈಸಿ ಕಾಗದ ಕಳಿಸು ಅಂತ ಮೂರು ಸಲ ಮೇಲ್ ಬಂತು, ಹನ್ನೊಂದು ದಿನ ಪಾರ್ಸೆಲ್ ಅಲ್ಲೇ ಕೂತಿತ್ತು. ಬಿಚ್ಚಿ ನೋಡಿದರೆ ದವಡೆ ಹತ್ತಿರ ಸೀಳಿದೆ! ಮಾರಿದವನು "ಕೊರಿಯರ್‌ನವರನ್ನು ಕೇಳು" ಅಂದ, ಕೊರಿಯರ್‌ನವರು "ಮಾರಿದವನನ್ನು ಕೇಳು" ಅಂದರು. ಒಂದು ಪೈಸೆ ವಾಪಸ್ ಬರಲಿಲ್ಲ.

ಅದು ಬಂದದ್ದು ಫೆಬ್ರವರಿ 24ಕ್ಕೆ. 27ಕ್ಕೆ ರಿಯಾದ್‌ನಲ್ಲಿ ಗೋಲ್ಡ್‌ಬರ್ಗ್ ಮೂರೇ ನಿಮಿಷದಲ್ಲಿ ಫೀಂಡ್‌ನನ್ನು ಸೋಲಿಸಿದ. ರಾತ್ರಿ ಆ ಹರಿದ ಮುಖವಾಡ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಯಾರು ಬರೆದರೋ ಆ ಕಥೆ, ನನಗೆ ಇವತ್ತಿಗೂ ಕ್ಷಮಿಸಲು ಆಗಿಲ್ಲ.

ನಮ್ಮ ಏಪ್ರಿಲ್ ಬಿಸಿಲಿಗೆ ಲ್ಯಾಟೆಕ್ಸ್ ಅಂಟಂಟು ಆಗುತ್ತೆ. ಟಾಲ್ಕಂ ಪೌಡರ್ ಹಚ್ಚಬೇಕು, ಒಳಗೂ ಹೊರಗೂ. ಮಡಚಿ ಇಡಬಾರದು, ಥರ್ಮಾಕೋಲ್ ತಲೆ ಮೇಲೆ ಕೂರಿಸಬೇಕು. ಅದಕ್ಕೆ ಇನ್ನೊಂದು 450. ಈಗ ಸತ್ತ ಮೇಲೆ ಬೆಲೆ ಏರಿಸಿ ಮಾರುವವರು ಜಾಸ್ತಿ ಆಗಿರ್ತಾರೆ. ಆದರೂ ನಾನು ತರಿಸಿದ್ದಕ್ಕೆ ಬೇಸರ ಇಲ್ಲ. ಶುಕ್ರವಾರ ಅದನ್ನು ದೇವರ ಕೋಣೆಯ ಹೊರಗೆ ಸ್ಟೂಲ್ ಮೇಲೆ ಇಟ್ಟು ಪಕ್ಕದಲ್ಲಿ ಅವನು ಹಿಡಿದು ಬರ್ತಿದ್ದ ಥರದ ಲಾಟೀನು ಹಚ್ಚಿದೆ. ಅವ್ವ ಏನೂ ಅನ್ನಲಿಲ್ಲ.

ಗರಡಿ ಮನೆ ದಾವಣಗೆರೆ

ಎಲ್ಲರೂ ಬೈದರೂ ಪರವಾಗಿಲ್ಲ, ಹೇಳೇ ಹೇಳ್ತೀನಿ. ಅದು ಮೊದಲೇ ಯಾರು ಗೆಲ್ಲಬೇಕು ಅಂತ ಬರೆದಿಟ್ಟ ಆಟ. ನಾನು ಹದಿಮೂರು ವರ್ಷ ಗರಡಿಯ ಮಣ್ಣಿನ ಮಟ್ಟಿಯಲ್ಲಿ ಹೊರಳಿದವನು. ದಿನಕ್ಕೆ ಎರಡು ಲೀಟರ್ ಹಾಲು, ತಿಂಗಳಿಗೆ ಒಂದೂವರೆ ಕೆಜಿ ಬಾದಾಮಿ, ಎರಡು ಕೆಜಿ ತುಪ್ಪ. ಎಂಟು ಸಾವಿರ ರೂಪಾಯಿ ಬರೀ ಹೊಟ್ಟೆಗೆ. ಅಪ್ಪ ಎಮ್ಮೆ ಮಾರಿದರು. ಬಲ ಮೊಣಕಾಲಿನ ಲಿಗಮೆಂಟ್ ಹೋಯಿತು, ಆಪರೇಷನ್‌ಗೆ 1,40,000. ಅದರಲ್ಲಿ 60,000 ಇನ್ನೂ ಸಾಲ. ಸಿಕ್ಕಿದ್ದು ಎರಡು ಬೆಳ್ಳಿ ಗದೆ.

ನಮ್ಮ ಉಸ್ತಾದರು ಎರಡು ವರ್ಷದ ಹಿಂದೆ ಹೋದರು. ನಲವತ್ತಾರು ವರ್ಷ, ಬೆಳಿಗ್ಗೆ ಮಟ್ಟಿ ಹದ ಮಾಡುವಾಗಲೇ ಎದೆ ಹಿಡಿದುಕೊಂಡರು. ಮಣ್ಣಿಗೆ ನಲವತ್ತು ಜನ ಬಂದಿರಲಿಲ್ಲ. ಪೇಪರಿನಲ್ಲಿ ಒಂದು ಸಾಲು ಬರಲಿಲ್ಲ. ನಮ್ಮ ಹುಡುಗರು ಅಮೆರಿಕದವನಿಗೆ ಊಟ ಬಿಡ್ತಾರೆ ಅಂದರೆ ಹೊಟ್ಟೆ ಉರಿಯುತ್ತೆ.

ಲ್ಯಾಟಿನೋ ಹೀಟ್ ಹಾಸನ

ಗರಡಿ ಅಣ್ಣ, ನಿಮ್ಮ ಉಸ್ತಾದರ ಬಗ್ಗೆ ಗೌರವ ಇದೆ. ಆದರೆ ಯಾರು ಗೆಲ್ಲಬೇಕು ಅನ್ನೋದು ಬರೆದಿಟ್ಟಿರುತ್ತೆ, ಬೀಳೋದು ಬರೆದಿಟ್ಟಿರಲ್ಲ. 1999ರ ಮೇ 23, ಕನ್ಸಾಸ್ ಸಿಟಿ, ಕುಸ್ತಿಪಟು ಓವೆನ್ ಹಾರ್ಟ್ ಚಾವಣಿಯಿಂದ ಹಗ್ಗದಲ್ಲಿ ಇಳಿಯುವಾಗ ಕೊಕ್ಕೆ ಬಿಚ್ಚಿ ರಿಂಗಿಗೆ ಬಿದ್ದು ಸತ್ತ. ಅದು ನಾಟಕವಾ? ಅವತ್ತು ಶೋ ನಿಲ್ಲಿಸಲೂ ಇಲ್ಲ. ಸಾವಿನ ಮನೆಯಲ್ಲಿ ಬಂದು ಲೆಕ್ಕ ಕೇಳಬೇಡಿ.

ಗರಡಿ ಮನೆ ದಾವಣಗೆರೆ

ಲೆಕ್ಕ ಕೇಳಿದ್ದು ನಾನಲ್ಲ. ಮೇಲೆ ಒಬ್ಬರು ರಬ್ಬರ್ ಮುಖಕ್ಕೆ 17,000 ಕೊಟ್ಟ ಲೆಕ್ಕ ಬರೆದಿದ್ದಾರೆ. ಆ ದುಡ್ಡಿಗೆ ನಾಲ್ಕು ಹುಡುಗರಿಗೆ ಒಂದು ತಿಂಗಳು ಹಾಲು ಬರುತ್ತೆ.

ಹುಬ್ಳಿ ಫೀಂಡ್

ನನ್ನ ದುಡ್ಡು, ನನ್ನ ಸಂಬಳ. ನಿಮ್ಮ ಗರಡಿಗೆ ಕೊಡಿ ಅಂತ ಯಾವತ್ತಾದರೂ ಕೇಳಿದ್ದೀರಾ? ಕೇಳಿದ್ದರೆ ಕೊಡ್ತಿದ್ದೆ.

ಓಹಾಯೋ ಕನ್ನಡಿಗ

ನಾನು ಸಿನ್ಸಿನಾಟಿಯಲ್ಲಿದ್ದೀನಿ. ಶುಕ್ರವಾರ 25ಕ್ಕೆ ಡಬ್ಲ್ಯುಡಬ್ಲ್ಯುಇಯ ವಾರದ ಶೋ ಸ್ಮ್ಯಾಕ್‌ಡೌನ್ ಇದ್ದದ್ದು ಲೂಯಿವಿಲ್‌ನಲ್ಲಿ, ನಮ್ಮಲ್ಲಿಂದ ನೂರು ಮೈಲಿ. ಸಾಯಂಕಾಲ ಮನೆಗೆ ಹನ್ನೆರಡು ಜನ ಮುತ್ತೈದೆಯರು ಅರಿಶಿನ ಕುಂಕುಮಕ್ಕೆ ಬರೋರಿದ್ದರು. ಹೆಂಡತಿಗೆ ಹೇಳಿದೆ, ಅವಳು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ "ಹೋಗಿ ಬನ್ನಿ, ಇಲ್ಲಾಂದ್ರೆ ವರ್ಷ ಪೂರ್ತಿ ಹೇಳ್ತೀರಿ" ಅಂತ ಡಬ್ಬಿಗೆ ಪುಳಿಯೋಗರೆ ಹಾಕಿಕೊಟ್ಟಳು. ಟಿಕೆಟ್ 72 ಡಾಲರ್, ಅದರ ಮೇಲೆ ಫೀಸು ಅಂತ 19, ಪಾರ್ಕಿಂಗ್ 25. ಕ್ಯಾಂಪಿಂಗ್ ಲಾಟೀನು ತಗೊಂಡು ಹೋಗಿದ್ದೆ, ಒಳಗೆ ಬಿಡಲಿಲ್ಲ. ವಾಪಸ್ ಕಾರಿಗೆ ಹೋಗಿ ಇಟ್ಟು ಬರೋಕೆ ಇಪ್ಪತ್ತು ನಿಮಿಷ.

ವೇದಿಕೆ ಮೇಲೆ ಅವನ ತೂಗುಕುರ್ಚಿ, ಜೊತೆಗೆ ಲಾಟೀನು. ಕುಸ್ತಿಪಟುಗಳೆಲ್ಲ ಸಾಲಾಗಿ ನಿಂತಿದ್ದರು. ಸತ್ತವರ ಗೌರವಕ್ಕೆ ಹತ್ತು ಸಲ ಗಂಟೆ ಬಾರಿಸಿದರು. ಒಂದೊಂದು ಗಂಟೆಯ ನಡುವೆ ಅಷ್ಟು ಜನರ ಉಸಿರು ಕೇಳಿಸ್ತಿತ್ತು. ಆಮೇಲೆ ಕತ್ತಲು, ಅಭಿಮಾನಿಗಳು ಮಿಂಚುಹುಳ ಅನ್ನೋ ಆ ಫೋನ್ ಬೆಳಕುಗಳು. ಅವನು ಬದುಕಿದ್ದಾಗ ಲಾಟೀನು ಹಿಡಿದು ಬರುವಾಗ ಟಿವಿಯಲ್ಲಿ ನೋಡಿದ್ದೆ. ಕುರ್ಚಿ ಖಾಲಿ ಇದ್ದಾಗ ನಾನೇ ಫೋನ್ ಬೆಳಕು ಹಿಡಿದು ನಿಂತಿದ್ದೆ. ನನಗೆ ನಲವತ್ತೊಂದು ವರ್ಷ. ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಗಲ ಮೇಲೆ ಕೈ ಹಾಕಿದ.

ಆ ಗಂಟೆ ಹಿರಿಯ ಕುಸ್ತಿಪಟು ಟೆರ್ರಿ ಫಂಕ್‌ಗೂ ಸೇರಿತ್ತು. ವಯಾಟ್ ಹೋಗುವ ಹಿಂದಿನ ದಿನವಷ್ಟೇ, 23ಕ್ಕೆ, 79 ವರ್ಷಕ್ಕೆ ಹೋದರು. ಊರಿನವರೆಲ್ಲ ಅವತ್ತು ಚಂದ್ರಯಾನದ ಸಂಭ್ರಮದಲ್ಲಿದ್ದರು, ಸರಿ. ಆದರೆ ಇಲ್ಲಿ ಇಷ್ಟು ಜನ ಬರೆದಿದ್ದೀರಿ, ಒಬ್ಬರೂ ಫಂಕ್ ಹೆಸರು ಎತ್ತಿಲ್ಲ.

ಮೂಡುಬಿದಿರೆ 99

ಮೂವತ್ತಾರಕ್ಕೆ ಹಾರ್ಟ್ ಅಟ್ಯಾಕ್ ಅಂದರೆ ಎಲ್ಲರಿಗೂ ಗೊತ್ತು ಅದು ಕೋವಿಡ್ ಇಂಜೆಕ್ಷನ್ ಅಂತ.

ಲ್ಯಾಟಿನೋ ಹೀಟ್ ಹಾಸನ

ಏನೂ ಗೊತ್ತಿಲ್ಲದೆ ಬರೆಯಬೇಡಿ. ಈ ವರ್ಷ ಅವನಿಗೆ ಕೋವಿಡ್ ಬಂದು, ಮೊದಲೇ ಇದ್ದ ಹೃದಯದ ತೊಂದರೆ ಜಾಸ್ತಿ ಆಗಿತ್ತು ಅಂತ ವರದಿ ಬಂದಿದೆ. ಜನವರಿ 28ರ ರಾಯಲ್ ರಂಬಲ್‌ನಲ್ಲಿ ಎಲ್‌ಎ ನೈಟ್ ಜೊತೆ ಆಡಿದ. ಸ್ವಲ್ಪ ದಿನಕ್ಕೇ ಟಿವಿಯಿಂದ ಮರೆಯಾದ. ಎಡ್ಡಿಗೆ ಯಾವ ಇಂಜೆಕ್ಷನ್ ಕೊಟ್ಟಿದ್ದರು 2005ರಲ್ಲಿ? 2009ರಲ್ಲಿ ಕುಸ್ತಿಪಟು ಉಮಾಗ ಹೋದಾಗ ಅವನಿಗೂ ಮೂವತ್ತಾರೇ. ಇಲ್ಲಿ ಒಬ್ಬ ಹುಡುಗನ ಅಕ್ಕ ಸಲಹೆ ಕೇಳ್ತಿದ್ದಾರೆ, ಅವನು ಇದನ್ನೆಲ್ಲ ಓದ್ತಾನೆ.

ರಿಂಗ್‌ಸೈಡ್ ಜಯನಗರ

ಹೈದರಾಬಾದ್ ಬೇಡ ಅಂತೀನಿ ನಾನು. 2017ರ ಡಿಸೆಂಬರ್, ದೆಹಲಿಯ ಇಂದಿರಾ ಗಾಂಧಿ ಅರೀನಾದಲ್ಲಿ ಇದೇ ಕಂಪನಿಯ ಶೋ. 8 ಮತ್ತು 9, ಎರಡು ದಿನ ಅಂತಿತ್ತು, ಕೊನೆಗೆ 9 ಮಾತ್ರ ಉಳಿಯಿತು. ನಾನು 8ಕ್ಕೆ ಅಂತ ಎಲ್ಲ ಮಾಡಿಕೊಂಡಿದ್ದೆ. ಏಜೆಂಟ್ ವಿಮಾನದ ದಿನ ಬದಲಿಸೋಕೆ 3,600 ಕಿತ್ತ. ಇನ್ನೊಂದು ರಾತ್ರಿ ಕರೋಲ್ ಬಾಗ್‌ನಲ್ಲಿ ಲಾಡ್ಜ್, 1,800. ರಜೆ ಒಂದು ದಿನ ಜಾಸ್ತಿ, ಅದು ಸಂಬಳ ಕಟ್. ಚಳಿಗೆ ಸ್ವೆಟರ್ ಇರಲಿಲ್ಲ, ರಸ್ತೆ ಬದಿ 700 ಕೊಟ್ಟು ತಗೊಂಡೆ. ಕೂತಿದ್ದು ಎಷ್ಟು ಮೇಲೆ ಅಂದರೆ ಟ್ರಿಪಲ್ ಎಚ್ ಹೆಬ್ಬೆರಳಷ್ಟು ಕಾಣಿಸಿದ. ಅವನ ಎದುರಾಳಿ ಜಿಂದರ್ ಸೋತ. ವಾಪಸ್ ಬಂದು ಒಂದು ವಾರ ಜ್ವರ.

ಅಷ್ಟೆಲ್ಲ ಆಗಿಯೂ, ಟ್ರಿಪಲ್ ಎಚ್ ನೀರು ಉಗುಳಿ ನಿಂತ ಕ್ಷಣಕ್ಕೆ ನಾನು ಎದ್ದು ಕಿರುಚಿದ್ದು ನಿಜ. ಆದರೆ ದುಃಖದಲ್ಲಿರೋ ಹುಡುಗನನ್ನು ಅಷ್ಟು ದೂರ ಕರ್ಕೊಂಡು ಹೋಗಬೇಡಿ ಅಕ್ಕ. ಮನೆಯಲ್ಲೇ ಕೂತು ಕುಸ್ತಿ ನೋಡಲಿ.

ಓಹಾಯೋ ಕನ್ನಡಿಗ

ಜಯನಗರ ಸರ್, ನಿಮ್ಮ ಜ್ವರಕ್ಕೂ ಆ ಹುಡುಗನ ದುಃಖಕ್ಕೂ ಏನು ಸಂಬಂಧ? ದುಃಖ ಇದ್ದಾಗಲೇ ಜನರ ಮಧ್ಯೆ ಹೋಗಬೇಕು. ಮನೆಯಲ್ಲಿ ಅವನನ್ನು ಅರ್ಥ ಮಾಡಿಕೊಳ್ಳೋರು ಯಾರಿದ್ದಾರೆ?

ರಿಂಗ್‌ಸೈಡ್ ಜಯನಗರ

ಕಾರಲ್ಲಿ ನೂರು ಮೈಲಿ ಹೋಗಿ ಬಂದವರಿಗೆ ರಾತ್ರಿ ಬಸ್ಸಿನ ಕಷ್ಟ ಗೊತ್ತಾಗಲ್ಲ. ಇನ್ನು ಹಾಸನದವರೇ, ಎಡ್ಡಿ ಎಡ್ಡಿ ಅಂತೀರಲ್ಲ. ಅವನು ಸತ್ತು ಎರಡು ತಿಂಗಳಿಗೇ ಅವನ ಗೆಳೆಯ ರೇ ಮಿಸ್ಟೀರಿಯೋ ಕಥೆಗೆ ಅವನ ಹೆಸರು ಎಳೆದು ತಂದರು. ರೇ ಎದುರಾಳಿ ಆರ್ಟನ್ ಬಾಯಲ್ಲಿ "ಎಡ್ಡಿ ನರಕದಲ್ಲಿದ್ದಾನೆ" ಅಂತ ಹೇಳಿಸಿದರು. ಆವಾಗ ನೋಡೋದು ಬಿಟ್ಟಿರಾ?

ಲ್ಯಾಟಿನೋ ಹೀಟ್ ಹಾಸನ

ಮನೆಯಲ್ಲಿ ಕೇಬಲ್ಲೇ ಇರಲಿಲ್ಲ ಅಂತ ಮೇಲೆ ಬರೆದಿದ್ದೀನಿ, ಓದಿ. ಸ್ನೇಹಿತನ ಮನೆಯಲ್ಲಿ ನೋಡಿದೆ. ಆ ಮಾತಿಗೆ ಎದ್ದು ಹೊರಗೆ ಬಂದೆ, ಚಪ್ಪಲಿ ಕೂಡ ಹಾಕಿಕೊಳ್ಳದೆ. ಆದರೆ ರೇ ರಂಬಲ್ ಗೆದ್ದು, ರೆಸಲ್‌ಮೇನಿಯಾ 22ರಲ್ಲಿ ಚಾಂಪಿಯನ್ ಬೆಲ್ಟ್ ಎತ್ತಿ ಹಿಡಿದಾಗ ಮತ್ತೆ ಅತ್ತೆ. ಕಥೆ ಕೆಟ್ಟದ್ದು, ರೇ ಪ್ರೀತಿ ಸುಳ್ಳಲ್ಲ. ಎರಡೂ ಒಟ್ಟಿಗೆ ಇರಬಹುದು.

ರಿಂಗ್‌ಸೈಡ್ ಜಯನಗರ

ಇರಬಾರದು. ಸತ್ತವನ ಹೆಸರಲ್ಲಿ ಟಿಕೆಟ್ ಮಾರಬಾರದು. ವಯಾಟ್‌ಗೂ ಹಾಗೇ ಮಾಡ್ತಾರೆ, ನೋಡ್ತಿರಿ.

ಹುಬ್ಳಿ ಫೀಂಡ್

ಅವನ ಟೀ ಶರ್ಟ್, ಸಾಮಾನಿನ ಲಾಭ ಎಲ್ಲ ಅವನ ಮನೆಯವರಿಗೆ ಕೊಡ್ತೀವಿ ಅಂತ ಕಂಪನಿ ಹೇಳಿದೆ. ನಾಲ್ಕು ಮಕ್ಕಳು. ಹಾಗಿದ್ದರೆ ಯಾರದೋ ಅಂಗಡಿಯಿಂದ ಮುಖವಾಡ ತರಿಸೋ ಬದಲು ಅಲ್ಲಿಂದಲೇ ಟೀ ಶರ್ಟ್ ತರಿಸೋದು ಒಳ್ಳೇದು. ಕಸ್ಟಮ್ಸ್ ಬೀಳುತ್ತೆ, ಬೀಳಲಿ.

ತುಮಕೂರಿನ ಅಕ್ಕ (7 ಸೆಪ್ಟೆಂಬರ್)

ಎಲ್ಲ ಓದಿದೆ, ಅವನಿಗೂ ಓದಿಸಿದೆ. ಮುಖವಾಡ ತರಿಸಲಿಲ್ಲ, ಅಷ್ಟು ದುಡ್ಡಿಲ್ಲ. ಹಾಸನದ ಅಣ್ಣ ಬರೆದದ್ದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ, ಗಣಿತದ 31ರ ಸಮೇತ. ಅವರು ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಮ್ಮನನ್ನು "ಆ ಲಾಟೀನು ಯಾಕೆ ಹಿಡ್ಕೊಂಡು ಬರ್ತಿದ್ದ ಅವನು?" ಅಂತ ಕೇಳಿದರು. ಇವನು ಒಂದು ಗಂಟೆ ಹೇಳಿದ. ಹಸ್ಕಿ ಹ್ಯಾರಿಸ್ ಅನ್ನೋ ಅವನ ಹಳೇ ಹೆಸರಿನಿಂದ ಶುರು ಮಾಡಿ, 2021ರಲ್ಲಿ ಕೆಲಸದಿಂದ ತೆಗೆದದ್ದು, ಹೋದ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ವಾಪಸ್ ಬಂದದ್ದು, ಅವನ ಅಪ್ಪ, ತಾತ ಎಲ್ಲ ಕುಸ್ತಿಯವರೇ ಅನ್ನೋದು, ಎಲ್ಲ. ಎರಡು ಚಪಾತಿ ಜಾಸ್ತಿ ತಿಂದ.

ಈಗ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ್ದೀವಿ. ಗರಡಿ ಅಣ್ಣ, ನಿಮ್ಮ ಉಸ್ತಾದರ ಬಗ್ಗೆ ಅವನು ಕೇಳ್ತಿದ್ದಾನೆ. ನವರಾತ್ರಿ ರಜೆಯಲ್ಲಿ ನಿಮ್ಮ ಗರಡಿ ನೋಡೋಕೆ ಬರಬಹುದಾ?

ಗರಡಿ ಮನೆ ದಾವಣಗೆರೆ

ಬನ್ನಿ ತಂಗಿ. ಬೆಳಿಗ್ಗೆ ಐದೂವರೆಗೆ ಮಟ್ಟಿಯಲ್ಲಿ ಇರ್ತೀವಿ. ಹುಡುಗನಿಗೆ ಹಳೇ ಚಡ್ಡಿ ಒಂದು ತರೋಕೆ ಹೇಳಿ, ಕೆಮ್ಮಣ್ಣಿನ ಕಲೆ ಹೋಗಲ್ಲ.

ರಿಂಗ್‌ಸೈಡ್ ಜಯನಗರ

ಬಸ್ ಸ್ಲೀಪರ್ರಾ, ಸೀಟಾ? ಎಷ್ಟಾಯ್ತು? ಸ್ವೆಟರ್ ತಗೊಂಡಿದ್ದೀರಾ?