ಹಳೆಯ ಷೇರು ಬೆಲೆ: ದಿನಚರಿಯ 1,150 ನಿಜವೋ, ಪರದೆಯ 575 ನಿಜವೋ?

ತುಂಗಾತೀರ:
ನಮ್ಮ ತಂದೆಯವರು 2016ರ ಮಾರ್ಚ್ ತಿಂಗಳಿನಲ್ಲಿ ಇನ್ಫೋಸಿಸ್ ಕಂಪನಿಯ 100 ಷೇರುಗಳನ್ನು ತಲಾ 1,150 ರೂಪಾಯಿಯಂತೆ ಕೊಂಡು, ಆ ದರವನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. 2018ರ ಸೆಪ್ಟೆಂಬರಿನಲ್ಲಿ ಇದ್ದ ಷೇರು ಒಂದಕ್ಕೆ ಇನ್ನೊಂದರಂತೆ ಕಂಪನಿ ಕೊಟ್ಟ ಬೋನಸ್ ಷೇರುಗಳೂ ಸೇರಿ ಈಗ ಡಿಮ್ಯಾಟ್ ಖಾತೆಯಲ್ಲಿ 200 ಷೇರುಗಳಿವೆ. ಮೊಬೈಲಿನಲ್ಲಿ ಆ ದಿನದ ಬೆಲೆ ಹುಡುಕಿದರೆ ಒಂದು ಕಡೆ 575ರ ಆಸುಪಾಸು ತೋರಿಸುತ್ತದೆ, ಇನ್ನೊಂದು ಕಡೆ ಅದಕ್ಕಿಂತಲೂ ಕಡಿಮೆ ತೋರಿಸುತ್ತದೆ. ಷೇರು ವಿನಿಮಯ ಕೇಂದ್ರದ ಹಳೆಯ ದಾಖಲೆಯಲ್ಲಿ ಮಾತ್ರ ದಿನಚರಿಗೆ ಹೊಂದುವ ಅಂಕಿ ಸಿಗುತ್ತದೆ. ಮನೆಯ ಮಾಡಿನ ದುರಸ್ತಿಗಾಗಿ ಷೇರು ಮಾರಬೇಕಾಗಿದೆ. ಯಾವ ಬೆಲೆಯನ್ನು ಹಿಡಿದು ಲಾಭದ ಲೆಕ್ಕ ಹಾಕಬೇಕು ಎಂದು ತಿಳಿದವರು ಹೇಳಬೇಕು.

ಹಳೆಯ ಹೂಡಿಕೆದಾರ:
ದಿನಚರಿಯನ್ನೇ ನಂಬಿ. ಜೇಬಿನಿಂದ ಹೋದ ಹಣ ಯಾವುದೋ ಅದೇ ಬೆಲೆ. ಇದೇ ಕಂಪನಿ 1993ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ 95 ರೂಪಾಯಿಗೆ ಷೇರು ಕೊಟ್ಟಿತು. ಆಗ ಕೇಳುವವರಿಲ್ಲದೆ ಷೇರುಗಳು ಉಳಿದುಹೋಗಿದ್ದವು. ಜೂನ್ ತಿಂಗಳಿನಲ್ಲಿ 145 ರೂಪಾಯಿಗೆ ವಹಿವಾಟು ಆರಂಭವಾಯಿತು. ಇಂದಿನ ಪರದೆಯ ಲೆಕ್ಕದಲ್ಲಿ ಆ 95 ರೂಪಾಯಿ ಸುಮಾರು 9 ಪೈಸೆಯಾಗಿ ಕುಳಿತಿದೆ. 9 ಪೈಸೆಗೆ ಇನ್ಫೋಸಿಸ್ ಕೊಂಡವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ. ಬೋನಸ್ ಷೇರುಗಳು ನಮಗೆ ಉಚಿತವಾಗಿ ಬಂದವು. ಅದರ ನೆಪದಲ್ಲಿ ಹಿಂದಿನ ಬೆಲೆಯನ್ನು ಕತ್ತರಿಸುವುದು ಇತಿಹಾಸವನ್ನು ತಿದ್ದಿದಂತೆ.

ಲೆಕ್ಕಪತ್ರ:
"ಉಚಿತವಾಗಿ ಬಂದವು" ಎಂಬ ಮಾತನ್ನು ನಾನು ಒಪ್ಪಲಾರೆ. ಒಂದು ಹೋಳಿಗೆಯನ್ನು ಎರಡು ತುಂಡು ಮಾಡಿ ಕೊಟ್ಟವರನ್ನು ಎರಡನೆಯ ಹೋಳಿಗೆ ಕೊಟ್ಟವರೆಂದು ಯಾರೂ ಕರೆಯುವುದಿಲ್ಲ. ಬೋನಸ್ ಕೊಡುವಾಗ ಕಂಪನಿಯು ತನ್ನ ಮೀಸಲು ನಿಧಿಯ ಒಂದು ಭಾಗವನ್ನು ಷೇರು ಬಂಡವಾಳದ ಖಾತೆಗೆ ಬರೆಯುತ್ತದೆ, ಅಷ್ಟೆ. ಹೊರಗಿನಿಂದ ಒಂದು ರೂಪಾಯಿಯೂ ಒಳಗೆ ಬರುವುದಿಲ್ಲ. 1994, 1997 ಮತ್ತು 1999ರಲ್ಲಿ ಒಂದಕ್ಕೊಂದು ಬೋನಸ್, 2000ದಲ್ಲಿ 10 ರೂಪಾಯಿ ಮುಖಬೆಲೆಯನ್ನು 5ಕ್ಕೆ ಇಳಿಸಿ ಒಂದು ಷೇರನ್ನು ಎರಡಾಗಿಸಿದ ವಿಭಜನೆ, 2004ರಲ್ಲಿ ಒಂದಕ್ಕೆ ಮೂರು ಬೋನಸ್, ಮತ್ತೆ 2006, 2014, 2015, 2018ರಲ್ಲಿ ಒಂದಕ್ಕೊಂದು: ಹೀಗೆ 1993ರ ಒಂದು ಷೇರು ಇಂದು 1,024 ಷೇರುಗಳಾಗಿದೆ. 95ನ್ನು 1,024ರಿಂದ ಭಾಗಿಸಿದರೆ ಆ 9 ಪೈಸೆ ಬರುತ್ತದೆ. ಅದು ಯಾರೋ ಕೊಟ್ಟ ಬೆಲೆಯೆಂದು ಪರದೆ ಹೇಳುತ್ತಿಲ್ಲ. ಇಂದಿನ ಒಂದು ಷೇರಿನ ಪಾಲಿಗೆ ಅಂದು ಎಷ್ಟು ಹಣ ಬಿದ್ದಿತ್ತು ಎಂದು ಹೇಳುತ್ತಿದೆ.

ಹೀಗೆ ಬೋನಸ್, ವಿಭಜನೆಗಳಿಗೆ ತಕ್ಕಂತೆ ಹೊಂದಿಸದ ಬೆಲೆಯನ್ನೇ ನೆಚ್ಚಿದರೆ ಏನಾಗುತ್ತದೆ ನೋಡಿ. 2014ರ ಡಿಸೆಂಬರಿನಲ್ಲಿ 4,000ದ ಮೇಲಿದ್ದ ಇನ್ಫೋಸಿಸ್ ಬೆಲೆ ಬೋನಸ್ ದಿನ 2,000ದ ಆಸುಪಾಸಿಗೆ ಬಂತು. ಅಂದು ಯಾರಿಗೂ ನಷ್ಟವಾಗಲಿಲ್ಲ. ಆದರೆ 2013ರ ಏಪ್ರಿಲ್ 12ರಂದು ಫಲಿತಾಂಶ ನಿರಾಸೆ ತಂದು ಒಂದೇ ದಿನ ಶೇ. 21ರಷ್ಟು ಬಿದ್ದಾಗ ಜನರ ಹಣ ನಿಜವಾಗಿಯೂ ಕರಗಿತು. ಹೊಂದಿಸದ ಚಾರ್ಟಿನಲ್ಲಿ ಮೊದಲನೆಯದು ಪ್ರಳಯದಂತೆ, ಎರಡನೆಯದು ಸಣ್ಣ ಇಳಿತದಂತೆ ಕಾಣುತ್ತದೆ.

ಹಳೆಯ ಹೂಡಿಕೆದಾರ:
ಹೋಳಿಗೆಯ ಉದಾಹರಣೆ ಇಲ್ಲಿಗೆ ಒಪ್ಪುವುದಿಲ್ಲ. 2004ಕ್ಕೆ ಮೊದಲು ಈ ಷೇರಿನ ಬೆಲೆ 5,000ದ ಮೇಲಿತ್ತು. ಸಂಬಳದಾರನೊಬ್ಬ ಒಂದು ಷೇರು ಕೊಳ್ಳಲು ಹತ್ತು ಬಾರಿ ಯೋಚಿಸುತ್ತಿದ್ದ. ಬೋನಸ್ ಬಂದು ಬೆಲೆ ಕಾಲು ಭಾಗಕ್ಕೆ ಇಳಿದ ಮೇಲೆ ಅವನೂ ಕೊಳ್ಳುವವನಾದ. ಕೊಳ್ಳುವವರು ಹೆಚ್ಚಿದರೆ ಮಾರುವವನಿಗೆ ಲಾಭವಿಲ್ಲವೇ? ಅದಕ್ಕೂ ಮಿಗಿಲಾಗಿ, ಆದಾಯ ತೆರಿಗೆ ಕಾನೂನೇ ಬೋನಸ್ ಷೇರಿನ ಖರೀದಿ ವೆಚ್ಚವನ್ನು ಸೊನ್ನೆಯೆಂದು ಹಿಡಿಯುತ್ತದೆ. ಸರ್ಕಾರವೇ ಸೊನ್ನೆ ಎಂದಿರುವಾಗ ನಾನು ಉಚಿತ ಎಂದರೆ ತಪ್ಪೇನು?

ಗಣಿತ ಮೇಷ್ಟ್ರು:
ಲೆಕ್ಕಪತ್ರದವರು ಕೊಟ್ಟ 1,024 ಎಂಬ ಸಂಖ್ಯೆಯನ್ನೇ ಹಿಡಿದು ಹೇಳುತ್ತೇನೆ. 1993ರಲ್ಲಿ 9,500 ರೂಪಾಯಿ ಕೊಟ್ಟು 100 ಷೇರು ಪಡೆದವರ ಬಳಿ ಇಂದು 1,02,400 ಷೇರುಗಳಿರುತ್ತವೆ. ಷೇರಿಗೆ 1,500 ರೂಪಾಯಿ ಎಂದು ಹಿಡಿದರೆ ಅದು 15.36 ಕೋಟಿ. 32 ವರ್ಷಗಳಿಗೆ ಚಕ್ರಬಡ್ಡಿಯ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಶೇ. 35ರ ಬೆಳವಣಿಗೆ, ಅದೂ ಲಾಭಾಂಶವನ್ನು ಸೇರಿಸದೆ. ಹಳೆಯ ಬೆಲೆಗಳನ್ನು ಸರಿಯಾಗಿ ಓದಿದರೆ ಒಳ್ಳೆಯ ಕಂಪನಿಯನ್ನು ಗುರುತಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸಂಜೆಮಲ್ಲಿಗೆ:
ಮೇಷ್ಟ್ರೇ, "ಒಳ್ಳೆಯ ಕಂಪನಿಯನ್ನು ಗುರುತಿಸಬಹುದು" ಎಂಬ ನಿಮ್ಮ ಮಾತು ನನಗೆ ಆತಂಕ ತರುತ್ತದೆ. ಗೆದ್ದ ಕುದುರೆಯ ಓಟವನ್ನು ಮಾತ್ರ ಮತ್ತೆ ಮತ್ತೆ ತೋರಿಸಿದರೆ ಎಲ್ಲ ಕುದುರೆಗಳೂ ಗೆಲ್ಲುತ್ತವೆಂದು ಮಕ್ಕಳು ನಂಬಿಬಿಡುತ್ತಾರೆ. ಅದೇ ಸಾಫ್ಟ್‌ವೇರ್ ಕ್ಷೇತ್ರದ ಸತ್ಯಂ ಕಂಪನಿಯ ಲೆಕ್ಕಪತ್ರಗಳ ವಂಚನೆ ಬಯಲಾದ 2009ರ ಜನವರಿ 7ರಂದು, 179 ರೂಪಾಯಿಯಿದ್ದ ಷೇರು ಸಂಜೆಗೆ 40ಕ್ಕೂ ಕೆಳಗಿತ್ತು. ಹಿಂದಿನ ದಿನದವರೆಗಿನ ಯಾವ ಬೆಲೆಯೂ ಆ ವಂಚನೆಯನ್ನು ತೋರಿಸಿರಲಿಲ್ಲ. 2013ರಲ್ಲಿ ಅದು ಟೆಕ್ ಮಹೀಂದ್ರದೊಳಗೆ ವಿಲೀನವಾಗಿ, 17 ಸತ್ಯಂ ಷೇರಿಗೆ 2 ಟೆಕ್ ಮಹೀಂದ್ರ ಷೇರು ಸಿಕ್ಕಿದವು. ಈಗ ಕಂಪನಿಗಳ ಪಟ್ಟಿಯನ್ನು ತೆರೆದು ಹಿಂದಕ್ಕೆ ಲೆಕ್ಕ ಹಾಕುವವರಿಗೆ ಆ ಹೆಸರೇ ಕಣ್ಣಿಗೆ ಬೀಳುವುದಿಲ್ಲ. ಉಳಿದವರನ್ನು ಮಾತ್ರ ಎಣಿಸಿ ಸರಾಸರಿ ತೆಗೆಯುವುದು ಗಣಿತವಾಗುವುದೇ?

ಗಣಿತ ಮೇಷ್ಟ್ರು:
ನಾನು ಸರಾಸರಿ ತೆಗೆಯಲೇ ಇಲ್ಲ. ಒಂದು ಕಂಪನಿಯ ಚಕ್ರಬಡ್ಡಿ ದರವನ್ನು ಹೇಳಿದೆ. ಹೇಳದ ಮಾತನ್ನು ನನ್ನ ಬಾಯಿಗೆ ತುರುಕಬೇಡಿ. 35 ತಪ್ಪಿದ್ದರೆ ತಪ್ಪನ್ನು ತೋರಿಸಿ.

ಲೆಕ್ಕಪತ್ರ:
ಮೇಷ್ಟ್ರ 35ರ ವಿಷಯ ಅವರಿಗಿರಲಿ. ಹೂಡಿಕೆದಾರರು ಹೇಳಿದ "ಸೊನ್ನೆ" ಎಂಬ ಮಾತಿಗೆ ಉತ್ತರಿಸಲೇಬೇಕು, ಏಕೆಂದರೆ ತುಂಗಾತೀರದವರ ಪ್ರಶ್ನೆ ಅಲ್ಲೇ ಇದೆ. ಕಾನೂನು ಬೋನಸ್ ಷೇರಿನ ವೆಚ್ಚವನ್ನು ಸೊನ್ನೆ ಎನ್ನುವುದು ತೆರಿಗೆಯ ಲೆಕ್ಕಕ್ಕಾಗಿ ಮಾತ್ರ, ಬೋನಸ್ಸಿನಿಂದ ಸಂಪತ್ತು ಹುಟ್ಟಿತೆಂಬ ಅರ್ಥದಲ್ಲಿ ಅಲ್ಲ. ಹಾಗಾಗಿಯೇ ಮೂಲ 100 ಷೇರುಗಳ ವೆಚ್ಚ ಪೂರ್ತಿ 1,150 ಆಗಿಯೇ ಉಳಿಯುತ್ತದೆ, ಅದು 575 ಆಗುವುದಿಲ್ಲ. 2018ರ ಜನವರಿ 31ರವರೆಗೆ ಕೊಂಡ ಷೇರುಗಳಿಗೆ ಆ ದಿನದ ಅತಿ ಹೆಚ್ಚಿನ ಬೆಲೆಯನ್ನು ವೆಚ್ಚವೆಂದು ಹಿಡಿಯುವ ಸೌಲಭ್ಯವಿದೆ. ಅಲ್ಲಿಯೂ ಆ ದಿನ ವಿನಿಮಯ ಕೇಂದ್ರದಲ್ಲಿ ನಡೆದ ಬೆಲೆಯನ್ನೇ ಹಿಡಿಯಬೇಕು, ಇಂದಿನ ಚಾರ್ಟಿನ ಅರ್ಧ ಬೆಲೆಯನ್ನಲ್ಲ. 2018ರ ಸೆಪ್ಟೆಂಬರಿನಲ್ಲಿ ಬಂದ ಬೋನಸ್ ಷೇರುಗಳಿಗೆ ಮಾತ್ರ ಆ ಸೌಲಭ್ಯವಿಲ್ಲ. ಅವುಗಳ ವೆಚ್ಚ ಸೊನ್ನೆ.

1,500ಕ್ಕೆ ಮಾರುತ್ತೀರಿ ಎಂದುಕೊಳ್ಳಿ. ಖರೀದಿ ಬೆಲೆಯನ್ನೇ ಹಿಡಿದರೂ ಮೂಲ 100 ಷೇರುಗಳ ಲಾಭ 35,000. ಬೋನಸ್ 100ರ ಲಾಭ 1,50,000. ಒಂದೇ ವರ್ಷದಲ್ಲಿ 200ನ್ನೂ ಮಾರಿದರೆ ಒಟ್ಟು 1,85,000. 575ರ ಲೆಕ್ಕದಲ್ಲಿಯೂ ಅಷ್ಟೇ ಬರುತ್ತದೆ, ಆದ್ದರಿಂದ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ಮಾರಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಖಾತೆಗೆ ಮೊದಲು ಬಂದ ಷೇರು ಮೊದಲು ಹೋಗುವುದರಿಂದ ನಿಮ್ಮ ಲಾಭ 35,000 ಮಾತ್ರ. 575 ಹಿಡಿದವರು ಅದನ್ನು 92,500 ಎಂದು ತೋರಿಸುತ್ತಾರೆ. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಅದರ ಮೇಲೆ ಶೇ. 12.5. ಬೇರೆ ಲಾಭಗಳಿಲ್ಲದಿದ್ದರೆ, ಎಲ್ಲವನ್ನೂ ಒಟ್ಟಿಗೆ ಮಾರಿದರೆ ಉಪಕರ (ಸೆಸ್) ಬಿಟ್ಟು 7,500 ರೂಪಾಯಿ ಕಟ್ಟಬೇಕು. ಎರಡು ಹಣಕಾಸು ವರ್ಷಗಳಲ್ಲಿ ಅರ್ಧರ್ಧ ಮಾರಿದರೆ 3,125.

ಹಳೆಯ ಹೂಡಿಕೆದಾರ:
"ಮೂಲ ಷೇರುಗಳ ವೆಚ್ಚ ಪೂರ್ತಿ 1,150 ಆಗಿಯೇ ಉಳಿಯುತ್ತದೆ" ಎಂದು ನೀವೇ ಬರೆದಿದ್ದೀರಿ. ನಾನು ಮೊದಲ ಸಾಲಿನಲ್ಲಿಯೇ ದಿನಚರಿಯನ್ನು ನಂಬಿ ಎಂದಿದ್ದೆ. ಈಗಲಾದರೂ ಒಪ್ಪಿದ್ದಕ್ಕೆ ಧನ್ಯವಾದ.

ಲೆಕ್ಕಪತ್ರ:
ನಾನು ಒಪ್ಪಿದ್ದು ತೆರಿಗೆಯ ವೆಚ್ಚವನ್ನು, ನಿಮ್ಮ "ಉಚಿತ"ವನ್ನಲ್ಲ. ಚಾರ್ಟ್ ನೋಡಿ ಏರಿಳಿತ ಅಳೆಯುವವನು ಹೊಂದಿಸಿದ ಬೆಲೆಯನ್ನೇ ಬಳಸಬೇಕು. ಅದೇ ಮನುಷ್ಯ ಹಳೆಯ ವಾರ್ಷಿಕ ವರದಿಯನ್ನು ತೆರೆದಾಗ ಆ ಕಾಲದ ಬೆಲೆಗೆ ಮರಳಬೇಕು. 2005ರ ವರದಿಯಲ್ಲಿರುವ ಪ್ರತಿ ಷೇರಿನ ಗಳಿಕೆಯಿಂದ ಇಂದಿನ ಪರದೆ ತೋರಿಸುವ 2005ರ ಹೊಂದಿಸಿದ ಬೆಲೆಯನ್ನು ಭಾಗಿಸಿದರೆ ಬೆಲೆ-ಗಳಿಕೆ ಅನುಪಾತವು 16 ಪಟ್ಟು ಕಡಿಮೆ ಬರುತ್ತದೆ, ಏಕೆಂದರೆ ಆ ಬಳಿಕ ನಾಲ್ಕು ಬಾರಿ ಷೇರುಗಳು ಇಮ್ಮಡಿಯಾಗಿವೆ. 32 ಇರಬೇಕಾದುದು 2 ಎಂದು ಕಾಣುತ್ತದೆ. ಇಂಥ ಲೆಕ್ಕವನ್ನು ನಂಬಿ ಅಗ್ಗವಾಗಿತ್ತೆಂದು ವಾದಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಜೆಮಲ್ಲಿಗೆ:
"ಆ ಕಾಲದ ಬೆಲೆ" ಎಂದಾಕ್ಷಣ ಅದು ಮೌಲ್ಯವನ್ನು ಹೇಳುತ್ತದೆಯೆಂದು ಏಕೆ ಭಾವಿಸಬೇಕು? ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಷೇರಿನ ದಾಖಲಾದ ಬೆಲೆ 3.53 ರೂಪಾಯಿ ಇತ್ತು. 2024ರ ಅಕ್ಟೋಬರ್ 29ರಂದು ವಿಶೇಷ ಹರಾಜಿನಲ್ಲಿ ಅದು 2,36,250 ರೂಪಾಯಿ ಆಯಿತು. ಆ ಜಿಗಿತಕ್ಕೆ ಬೋನಸ್ಸೂ ವಿಭಜನೆಯೂ ಕಾರಣವಲ್ಲ. ಆ ಕಂಪನಿಯ ಕೈಯಲ್ಲಿ ಏಷ್ಯನ್ ಪೇಂಟ್ಸ್ ಷೇರುಗಳು ಮೊದಲಿನಿಂದಲೂ ಇದ್ದವು, 3.53ಕ್ಕೆ ಮಾರುವವರು ಮಾತ್ರ ಇರಲಿಲ್ಲ. ವಹಿವಾಟಿನ ಪ್ರಮಾಣವನ್ನು ನೋಡದೆ ಬೆಲೆಯನ್ನಷ್ಟೇ ನೋಡುವವರು ಅರ್ಧ ದಾಖಲೆಯನ್ನು ಓದುತ್ತಿದ್ದಾರೆ.

ಗಣಿತ ಮೇಷ್ಟ್ರು:
ಇಡೀ ದೇಶದಲ್ಲಿ ಹುಡುಕಿ ಒಂದು ವಿಚಿತ್ರವನ್ನು ತಂದಿದ್ದೀರಿ. ಇನ್ಫೋಸಿಸ್ಸಿನಲ್ಲಿ ದಿನಕ್ಕೆ ಲಕ್ಷಗಟ್ಟಲೆ ಷೇರುಗಳು ಕೈಬದಲಾಗುತ್ತವೆ. ನನ್ನ 35ಕ್ಕೆ ಇನ್ನೂ ಉತ್ತರ ಬಂದಿಲ್ಲ.

ತುಂಗಾತೀರ:
575ಕ್ಕಿಂತಲೂ ಕಡಿಮೆ ತೋರಿಸುವ ಇನ್ನೊಂದು ಪರದೆಯ ಬಗ್ಗೆ ಯಾರೂ ಹೇಳಲಿಲ್ಲ.

ಲೆಕ್ಕಪತ್ರ:
ಅದು ಲಾಭಾಂಶವನ್ನೂ ಕಳೆದ ಬೆಲೆ. ಯಾಹೂ ಫೈನಾನ್ಸಿನಲ್ಲಿ ಮುಕ್ತಾಯ ಬೆಲೆಯ ಪಕ್ಕದಲ್ಲಿ ಹೊಂದಿಸಿದ ಮುಕ್ತಾಯ ಬೆಲೆ ಎಂಬ ಇನ್ನೊಂದು ಸಾಲಿರುತ್ತದೆ. ಪ್ರತಿ ಲಾಭಾಂಶದ ದಿನ, ಹಿಂದಿನ ದಿನದ ಬೆಲೆಯಲ್ಲಿ ಲಾಭಾಂಶದ ಪಾಲು ಎಷ್ಟೋ ಅಷ್ಟು ಪ್ರಮಾಣದಲ್ಲಿ ಲಾಭಾಂಶದ ದಿನಕ್ಕೆ ಹಿಂದಿನ ಎಲ್ಲ ಬೆಲೆಗಳನ್ನು ತಗ್ಗಿಸುತ್ತಾರೆ. ಹೀಗಾಗಿ ಈ ವರ್ಷ ನೀವು ಬರೆದುಕೊಂಡ 2016ರ ಅಂಕಿ ಮುಂದಿನ ವರ್ಷ ನೋಡಿದಾಗ ಬೇರೆಯಾಗಿರುತ್ತದೆ. ಒಟ್ಟು ಪ್ರತಿಫಲವನ್ನು ಅಳೆಯಲು ಅದು ಉಪಯುಕ್ತ. ತೆರಿಗೆಗೆ ಅದನ್ನು ಮುಟ್ಟಲೇಬೇಡಿ.

ಹಳೆಯ ಹೂಡಿಕೆದಾರ:
ವರ್ಷಕ್ಕೊಮ್ಮೆ ಬದಲಾಗುವ ಅಂಕಿಯನ್ನು ಇತಿಹಾಸವೆಂದು ಹೇಗೆ ಕರೆಯುತ್ತೀರಿ? ಇದನ್ನೇ ನಾನು ಮೊದಲಿನಿಂದ ಕೇಳುತ್ತಿರುವುದು.

ತುಂಗಾತೀರ:
ತಂದೆಯವರ ಕಪಾಟಿನಲ್ಲಿ ಬ್ರೋಕರ್ ಕೊಟ್ಟ ಖರೀದಿ ಚೀಟಿ (ಕಾಂಟ್ರಾಕ್ಟ್ ನೋಟ್) ಸಿಕ್ಕಿದೆ. ದಲ್ಲಾಳಿ ಶುಲ್ಕ ಸೇರಿದ ಮೇಲೆ 1,150 ಆಗಿದೆ. ಹಾಗಾಗಿ ವಿನಿಮಯ ಕೇಂದ್ರದ ಅಂಕಿಗೂ ದಿನಚರಿಗೂ ಒಂದೆರಡು ರೂಪಾಯಿಯ ಅಂತರ ಇದ್ದೇ ಇತ್ತು. ಮಾರ್ಚ್ ಮುಗಿಯುವ ಮೊದಲು 100 ಷೇರು ಮಾರಿ ಹೆಂಚು ಮತ್ತು ಮರ ತರಿಸುತ್ತೇವೆ. ಉಳಿದ 100ನ್ನು ಏಪ್ರಿಲ್ ಆದ ಮೇಲೆ ನೋಡುತ್ತೇವೆ.

ಹಳೆಯ ಹೂಡಿಕೆದಾರ:
ಕೊನೆಗೂ ಕಪಾಟಿನ ಕಾಗದವೇ ಪರದೆಯನ್ನು ಗೆದ್ದಿತು.

ಲೆಕ್ಕಪತ್ರ:
ಆ ಕಾಗದದಲ್ಲಿ ಬರೆದಿರುವುದು 100 ಷೇರು. ಏಪ್ರಿಲಿನಲ್ಲಿ ಮಾರಲಿರುವ ಇನ್ನೊಂದು 100ರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.